ಹಿಂದಿನ ಬೆಂಚಿನಲ್ಲೊಂದು ಪೀರಿಯಡ್

ಕುರ್ಚಿಯ ಆಸೆ ತಮಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನು ನಾನೇ. ಎಂಬತ್ತರ ದಶಕದಲ್ಲಿ ರಾಯಚೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ಪಾಠ ಮಾಡಿಕೊಂಡಿದ್ದೆ. ಪಾಠ ಹೇಳುವ ಹೊಸ ಬಗೆಗಳನ್ನು ಹುಡುಕಲೆಂದು ವಿಶ್ವವಿದ್ಯಾಲಯ ಅಲ್ಲೊಂದು ಕೇಂದ್ರ ತೆರೆದಿತ್ತು. ಅದರ ಮುಖ್ಯಸ್ಥರು ನಿವೃತ್ತರಾದಾಗ ಮುಂದಿನವನು ನಾನೇ ಎಂದು ಇಡೀ ಕಾಲೇಜಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ತಿಳಿಸಿದ್ದೆ. ಹೆಂಡತಿ ನನಗೊಂದು ಸಫಾರಿ ಸೂಟನ್ನೂ ಹೊಲಿಸಿಟ್ಟಿದ್ದಳು.

ಬಂದವರು ಮಲ್ಲಮ್ಮ. ದೇವದುರ್ಗದ ಕಡೆ ಕುರಿ ಸಾಕುವ ಮನೆಯವರು, ನನ್ನದೇ ಹಳೆಯ ವಿದ್ಯಾರ್ಥಿನಿ. ನಗುನಗುತ್ತಾ ಹಾರ ಹಾಕಿ ಮನೆಗೆ ಬಂದು ಊಟ ಬಿಟ್ಟೆ. ಹೊಟ್ಟೆಕಿಚ್ಚು, ಬೇರೇನಿಲ್ಲ. ಪ್ರಿನ್ಸಿಪಾಲರು ಸಮಾಧಾನಕ್ಕೆಂದು, "ಸದ್ಯ ಅವರು ಹಂಗಾಮಿ ಅದಾರ್ರಿ. ಕೆಲಸ ನೋಡಿ ಸಭಾದಾಗ ಖಾಯಂ ಮಾಡೋದು" ಎಂದರು. ಆಸೆ ಮತ್ತೆ ಚಿಗುರಿತು. ಮೇಡಂ ಒಮ್ಮೆ ಎಡವಿದರೆ ಸಾಕಿತ್ತು.

ಅವರ ಮೊದಲ ಯೋಜನೆ ನೋಡಿಯೇ ನನಗೆ ಖುಷಿಯಾಯಿತು. ಹಿರಿಯ ಮೇಷ್ಟ್ರುಗಳೆಲ್ಲ ಬೇರೆ ವಿಭಾಗದ ತರಗತಿಗೆ ಹೋಗಿ, ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಪಾಠ ಕೇಳಬೇಕಂತೆ. ಒಂದು ಪೀರಿಯಡ್ ಕೂತು, ಸಭೆಯಲ್ಲಿ ಇದನ್ನು ಹಿಗ್ಗಾಮುಗ್ಗಾ ಟೀಕಿಸಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡು ಎಲೆಕ್ಟ್ರಿಕಲ್ ತರಗತಿಗೆ ಹೋದೆ. ಹಿಂದಿನ ಬೆಂಚಿನಲ್ಲಿ ಮಾನ್ವಿ ತಾಲ್ಲೂಕಿನ ಕುರ್ಡಿಯ ಹನುಮೇಶ ಜಾಗ ಕೊಟ್ಟ. ಏಪ್ರಿಲ್ ಬಿಸಿಲು. ಫ್ಯಾನು ಮೇಷ್ಟ್ರ ಮೇಜಿನ ಮೇಲೆ ಮಾತ್ರ ತಿರುಗುತ್ತಿತ್ತು. ಅಷ್ಟು ವರ್ಷ ಅದರ ಕೆಳಗೇ ನಿಂತಿದ್ದ ನನಗೆ ಅದು ಗೊತ್ತೇ ಇರಲಿಲ್ಲ. ಪಾಠ ಮಾಡುವ ತರುಣ ನಮಗೆ ಬೆನ್ನು ಹಾಕಿ, ಬೋರ್ಡಿನ ಜೊತೆ ಮಾತಾಡುತ್ತಾ, ಬರೆದದ್ದನ್ನು ಒರೆಸುತ್ತಾ ಹೋದ. ನನ್ನ ತಲೆ ಗಿರ್ರೆಂದಿತು.

"ಲೇ ಹನುಮೇಶ, ಆ ಸೂತ್ರ ಎಲ್ಲಿಂದ ಬಂತೋ?" ಎಂದೆ.

"ನಮಗೂ ತಿಳಿದಿಲ್ರೀ ಸರ್. ಕೇಳಬ್ಯಾಡ್ರಿ, ಬೈತಾರ. ಸುಮ್ನ ಬರಕೊಳ್ರಿ."

"ತಿಳೀಲಾರದ ಹೆಂಗ ಬರೀತೀಯೋ?"

"ಮೊದಲ್ನೇ ವರ್ಷ ನಿಮ್ಮ ಸಿವಿಲ್ ಕ್ಲಾಸಿನ್ಯಾಗೂ ಹಂಗ ಬರದೀವ್ರಿ."

ನಾನು ಇದಕ್ಕೆ ಆಕ್ಷೇಪಿಸುವಾಗ ದನಿ ಏರಿರಬೇಕು. "ಹಿಂದಿನ ಬೆಂಚಿನವರು ಇಬ್ಬರೂ ಹೊರಗ ನಡೀರಿ!" ಎಂದ ತರುಣ, ತಿರುಗಿಯೂ ನೋಡದೆ. ಹನುಮೇಶ ಅಭ್ಯಾಸಬಲದಿಂದ ಎದ್ದ. "ಬರ್ರಿ ಸರ್, ತಡ ಮಾಡಿದ್ರ ಇನ್ನಾ ಸಿಟ್ಟಾಗ್ತಾರ" ಎಂದು ನನ್ನ ತೋಳು ಹಿಡಿದು ವರಾಂಡಕ್ಕೆ ಕರೆತಂದ.

ಸಭೆಯ ದಿನ ಯೋಜನೆಯನ್ನು ಟೀಕಿಸಲೆಂದೇ ಎದ್ದುನಿಂತೆ. ಬಾಯಿ ತೆರೆದರೆ ಬಂದದ್ದೇ ಬೇರೆ. "ತಿಳೀಲಿಲ್ಲ ಅಂದಿದ್ದಕ್ಕ ಹೊರಗ ಹಾಕೋದೇನ್ರಿ? ಹುಡುಗ್ರು ಮನುಷ್ಯಾರಲ್ಲೇನು? ನಾವೆಲ್ಲಾ ಆ ಬೆಂಚಿನ ಮ್ಯಾಲ ಕೂಡಬೇಕ್ರಿ, ಆಗ ಬುದ್ಧಿ ಬರ್ತದ!" ಎಂದು ಕೈಯೆತ್ತಿ ಕೂಗಿದೆ. ಮಲ್ಲಮ್ಮ ಕಣ್ಣೊರೆಸಿಕೊಂಡರು. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು, "ಹಂಗಾದ್ರ ಮೇಡಂ ಅವ್ರನ್ನ ಖಾಯಂ ಮಾಡೋಣು. ಸೂಚಿಸೋರು ಯಾರ್ರಿ?" ಎಂದರು.

ನನ್ನ ಕೈ ಇನ್ನೂ ಮೇಲೆಯೇ ಇತ್ತು. ಜೋರು ಚಪ್ಪಾಳೆ ಬಿತ್ತು. ನನ್ನದು ಬಹಳ ದೊಡ್ಡ ಮನಸ್ಸೆಂದು ಜನ ಇವತ್ತಿಗೂ ಹೊಗಳುತ್ತಾರೆ. ನಾನು ಯಾರನ್ನೂ ತಡೆಯಲು ಹೋಗಿಲ್ಲ.