ರಾಜಮಾಂತ್ರಿಕರ ಮದ್ದೂ ನಮ್ಮತ್ತೆಯ ಮಂಡಿಯೂ

ಧಾರಾವಾಹಿಯ ಅರಮನೆಯಲ್ಲಿ ಮದ್ದು ಕುದಿಸುವ ಮಾನ್ಯ ರಾಜಮಾಂತ್ರಿಕರೇ,

ತಮ್ಮ ಗಡ್ಡಕ್ಕೂ ಕೊಪ್ಪರಿಗೆಗೂ ನಮ್ಮ ಮನೆಯವರೆಲ್ಲರ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಪ್ರತಿ ಸಂಜೆ ಟಿವಿಯಲ್ಲಿ ಕಣ್ಣಾರೆ ಕಾಣುತ್ತಿರುವುದರಿಂದ ಅದನ್ನು ಮತ್ತೆ ವಿಚಾರಿಸುವುದಿಲ್ಲ.

ಮೊದಲು ಮೆಚ್ಚುಗೆಯ ಮಾತು. ಕಳೆದ ಮಳೆಗಾಲದಿಂದ ಯುದ್ಧದ ಸಿದ್ಧತೆ ನಡೆಯುತ್ತಿದ್ದರೂ ತಮ್ಮ ರಾಜ್ಯದಲ್ಲಿ ಮಸೆದ ಕತ್ತಿ ಸವೆದಿಲ್ಲ, ಜೀನು ಹೊತ್ತು ನಿಂತ ಕುದುರೆಗೆ ಬೇಸರ ಬಂದಿಲ್ಲ, ತಮ್ಮ ಕೊಪ್ಪರಿಗೆಯಂತೂ ಒಮ್ಮೆಯೂ ಉಕ್ಕಿಲ್ಲ. ಒಂದು ಫೋನ್ ಮುಗಿಸುವಷ್ಟರಲ್ಲಿ ಒಲೆಯ ತುಂಬ ಹಾಲು ಚೆಲ್ಲಿಸುವ ನನಗೆ ಇದು ಮಾಯೆಯಲ್ಲದೆ ಮತ್ತೇನು?

ಇನ್ನು ದೂರು. ನಮ್ಮತ್ತೆಯವರಿಗೆ ಮಂಡಿಯ ಆಪರೇಷನ್ ಆಗಿದೆ. ದಿನವೂ ಎದ್ದು ನಡೆಯದಿದ್ದರೆ ಮಂಡಿ ಬಿಗಿದುಕೊಂಡು ಮುಂದೆ ನಡಿಗೆಯೇ ಕಷ್ಟವೆಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿ ಹೋಗಿದ್ದಾರೆ. ಆದರೆ ಅತ್ತೆಯವರು ಟಿವಿ ಮುಂದಿನ ಕುರ್ಚಿ ಬಿಟ್ಟು ಏಳರು. ಕೇಳಿದರೆ, "ಅಷ್ಟು ದೊಡ್ಡ ಸೈನ್ಯವೇ ಇನ್ನೂ ಹೊರಟಿಲ್ಲ, ನನಗೇನಮ್ಮ ಅವಸರ? ಯುದ್ಧ ಶುರುವಾಗ್ಲಿ, ನಾನೂ ಏಳ್ತೀನಿ" ಎನ್ನುತ್ತಾರೆ. ಅದು ನೋವಿನ ಭಯವೆಂದು ನನಗೆ ಗೊತ್ತು. ನನ್ನ ಒತ್ತಾಯದಲ್ಲಿ ಕಾಳಜಿ ಎಷ್ಟು, ಯಜಮಾನಿಕೆ ಎಷ್ಟು ಎಂಬುದು ಮಾತ್ರ ಸರಿಯಾಗಿ ಗೊತ್ತಿಲ್ಲ.

ಆದ್ದರಿಂದ ನಾಳೆಯೇ ಯುದ್ಧ ಆರಂಭಿಸಬೇಕು, ಇಲ್ಲವೇ ಮಲಗಿದವರನ್ನೂ ಎಬ್ಬಿಸಿ ನಿಲ್ಲಿಸುವ ತಮ್ಮ ನೀಲಿ ಮದ್ದಿನ ಒಂದು ಸೀಸೆಯನ್ನು ಕೊರಿಯರ್‌ನಲ್ಲಿ ಕಳಿಸಬೇಕು ಎಂದು ಕೋರಲು ನಿನ್ನೆ ಸಂಜೆ ಪೆನ್ನು ಹಿಡಿದು ಕೂತಿದ್ದೆ. ಅಷ್ಟರಲ್ಲಿ ತಾವು ಕತ್ತಿವರಸೆಯ ಅಭ್ಯಾಸದಲ್ಲಿ ಗಾಯಗೊಂಡ ಸೇನಾಪತಿಗೆ ಮದ್ದು ಕುಡಿಸಲು ಹೊರಟಿರಿ. ಪುಡಿಯೆಲ್ಲ ಸೀಸೆಯ ತಳದಲ್ಲಿ ಕೂತಿತ್ತು. ತಾವು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿದಿರಿ. ನಮ್ಮತ್ತೆಯವರು ನಿವೃತ್ತರಾಗುವವರೆಗೂ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕಾಂಪೌಂಡರ್ ಆಗಿದ್ದವರೆಂಬುದು ತಮಗೆ ತಿಳಿದಿರಲಿಕ್ಕಿಲ್ಲ.

"ಕುಲುಕೋ ಮೊದ್ಲು! ಮದ್ದೆಲ್ಲ ತಳದಲ್ಲಿದೆ, ಬರೀ ನೀರು ಕುಡಿಸ್ತೀಯಲ್ಲೋ" ಎನ್ನುತ್ತ ಅತ್ತೆಯವರು ಎದ್ದರು, ನಡೆದರು, ಟಿವಿ ಪರದೆಯಲ್ಲಿದ್ದ ತಮ್ಮ ಮೂಗಿನ ಮೇಲೆ ಬೆರಳಿನಿಂದ ಕುಟ್ಟಿದರು. ವಾಕರ್ ಕುರ್ಚಿಯ ಪಕ್ಕದಲ್ಲೇ ಉಳಿದಿತ್ತು. ಆಮೇಲೆ ಅತ್ತೆಯವರು ತಮ್ಮದೇ ಕಾಲುಗಳತ್ತ, ಯಾರೋ ಅಪರಿಚಿತರನ್ನು ಕಂಡಂತೆ ನೋಡಿದರು.

ಹೀಗಾಗಿ ನನ್ನ ಕೋರಿಕೆ ಬದಲಾಗಿದೆ. ದಯವಿಟ್ಟು ಯುದ್ಧ ಆರಂಭಿಸಬೇಡಿ. ಸೀಸೆ ಕುಲುಕಲೇಬೇಡಿ. ಸಾಧ್ಯವಾದರೆ ನಾಳೆ ಕೈ ತೊಳೆಯದೆ ಮದ್ದು ಅರೆಯಿರಿ, ನಾಡಿದ್ದು ಮದ್ದಿನ ಸೌಟನ್ನು ಗಡ್ಡಕ್ಕೆ ಒರೆಸಿಕೊಳ್ಳಿ. ತಮ್ಮ ಸೈನಿಕರ ಗತಿಯೇನೆಂದು ಮಾತ್ರ ಕೇಳಬೇಡಿ. ಅವರು ಬಹಳ ಮಂದಿ ಇದ್ದಾರೆ, ನನಗೆ ಅತ್ತೆ ಒಬ್ಬರೇ.

ತಮ್ಮ ಅಜಾಗರೂಕತೆಗೆ ಚಿರಋಣಿಯಾದ,
ತಮ್ಮ ವಿಶ್ವಾಸಿ,
ಮಂಡಿಯ ಪಕ್ಷದ ಸೊಸೆ

ತಾ.ಕ.: ಸೇನಾಪತಿಯವರ ಗಾಯದ ಪಟ್ಟಿ ಮೊನ್ನೆ ಎಡಗೈಗಿತ್ತು, ನಿನ್ನೆ ಬಲಗೈಗೆ ಬಂದಿದೆ. ಅತ್ತೆಯವರು ಇನ್ನೂ ಗಮನಿಸಿಲ್ಲ. ನಾನೂ ಹೇಳಿಲ್ಲ, ಮೆಟ್ಟಿಲು ಹತ್ತಿಸುವ ದಿನಕ್ಕೆಂದು ಇಟ್ಟುಕೊಂಡಿದ್ದೇನೆ.