ಪದಬಂಧದ ತುಂಬ ಕುರ್ಚಿ

ಸುಳಿವಿನಲ್ಲಿರುವ ಪದ ಉತ್ತರದಲ್ಲಿ ಬರಬಾರದು. ಪದಬಂಧ ಹೆಣೆಯುವವರಿಗೆ ಇದು ಮೊದಲ ಪಾಠ. ಆದರೆ ಆ ಗುರುವಾರ ಥಾರ್ನ್‌ಬೆಕ್ ವಾರಪತ್ರಿಕೆಗೆ ಹೊರೇಸ್ ಹೆಣೆದ ಪದಬಂಧದಲ್ಲಿ 'ತಳ್ಳಿಕೊಂಡು ಹೋಗುವ ಕುರ್ಚಿ' ಎಂಬ ಸುಳಿವಿಗೆ 'ಗಾಲಿಕುರ್ಚಿ' ಎಂದೇ ಉತ್ತರ. ಅದರ ಕೆಳಗೆ ತೂಗುಕುರ್ಚಿ, ಪಕ್ಕದಲ್ಲಿ ಆರಾಮಕುರ್ಚಿ. ಮದುವೆಮನೆಗೆ ಬಾಡಿಗೆಗೆ ತಂದಷ್ಟು ಕುರ್ಚಿಗಳು!

ಇಂಥ ತಪ್ಪನ್ನೆಲ್ಲ ಮೊದಲೇ ಹಿಡಿಯುತ್ತಿದ್ದವಳು ಹೆಂಡತಿ ಎನಿಡ್. ಕಿಟಕಿ ಪಕ್ಕದ ತನ್ನ ಕುರ್ಚಿಯಲ್ಲಿ ಕೂತು, "ಥೂ, ಇದೇನು ಹೊರೇಸ್?" ಎಂದು ಗೀಚಿ ಹಾಕುತ್ತಿದ್ದಳು. ಹೋದ ವಸಂತದಲ್ಲಿ ಅವಳು ತೀರಿಕೊಂಡಳು. ಈಗ ಹೊರೇಸ್ ಆ ಖಾಲಿ ಕುರ್ಚಿಗೇ ಸುಳಿವು ಓದಿ ಹೇಳುತ್ತಾನೆ. ಪಾಪ, ಅವನಿಗೆ ಉಳಿದಿದ್ದ ಜೊತೆ ಅದೊಂದೇ.

ಆ ಗುರುವಾರ ಬೆಳಿಗ್ಗೆ ಹಾಲಿನ ಬಾಟಲಿ ಎತ್ತಿಕೊಳ್ಳಲು ಬಾಗಿಲು ತೆರೆದರೆ, ಪಕ್ಕದ ಮನೆಯ ಡೋರಿನ್ ಪತ್ರಿಕೆ ಹಿಡಿದು ನಿಂತಿದ್ದಳು.

"ಏನ್ ಹೊರೇಸ್, ಎಲ್ಲಿ ನೋಡಿದ್ರೂ ಕುರ್ಚಿ! ಕೈ ತಪ್ತಾ, ಬೇಕಂತಲೇ ಮಾಡಿದ್ದಾ?"

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನ. "ಬೇಕಂತಲೇ," ಅಂದುಬಿಟ್ಟ. "ಅದರಲ್ಲೊಂದು ಗುಟ್ಟಿದೆ."

ಅಷ್ಟೇ ಸಾಕಾಯಿತು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಮಾಂಸದಂಗಡಿಯ ಸೆಡ್ರಿಕ್ ಅವನ ಭುಜ ಹಿಡಿದ.

"ಗುಟ್ಟು ಗೊತ್ತಾಯ್ತು ಬಿಡಯ್ಯ. ಎನಿಡ್ ಕುರ್ಚಿ ತಾನೇ? ದಿನಾ ನೋಡಿ ನೋಡಿ ಕರುಳು ಹಿಂಡ್ತಿದೆ, ಬಾಯ್ಬಿಟ್ಟು ಹೇಳೋಕಾಗ್ದೆ ಪೇಪರಲ್ಲಿ ಹೇಳಿದ್ದೀಯ."

ಸಾಲಿನವರೆಲ್ಲ ಲೊಚಗುಟ್ಟಿದರು. ಅಲ್ಲವೆಂದರೆ ತಪ್ಪು ಒಪ್ಪಿಕೊಂಡಂತೆ. ಹೊರೇಸ್ ಹೂಂ ಎಂದು ತಲೆಯಾಡಿಸಿದ. ಸಂಪಾದಕರಿಗಾದರೂ ನಿಜ ಹೇಳೋಣವೆಂದು, ಬ್ರೆಡ್ಡು ಮರೆತು ಪಕ್ಕದ ಪಟ್ಟಣದ ಬಸ್ಸು ಹತ್ತಿದ.

ಸಂಪಾದಕರು ಬಾಯಿ ತೆರೆಯಲು ಬಿಟ್ಟರೆ ತಾನೇ! "ಏನ್ ಬರೆದಿದ್ದೀರಿ ಹೊರೇಸ್! ನಿಮ್ಮೂರೋರು ಫೋನ್ ಮಾಡಿ ಅಳ್ತಿದ್ದಾರೆ," ಎಂದು ಚಹಾ ಕುಡಿಸಿ ಕಳಿಸಿದರು.

ಊರಿಗೆ ಮರಳುವಾಗ ಕತ್ತಲಾಗಿತ್ತು. ಅಂದು ನವೆಂಬರ್ ಐದು, ಊರೂರಲ್ಲೂ ಬೆಂಕಿ ಹಾಕಿ ಗೊಂಬೆ ಸುಡುವ ಹಬ್ಬ. ಪ್ರತಿವರ್ಷದಂತೆ ಜನ ಮೈದಾನದಲ್ಲಿ ಮುರುಕು ಮಂಚ, ಹಳೇ ಬಾಗಿಲು ಒಟ್ಟಿ, ಸುಡಲಿರುವ ಹುಲ್ಲುಗೊಂಬೆಯನ್ನು ತುದಿಯಲ್ಲಿ ಕೂರಿಸಿ ಕಾಯುತ್ತಿದ್ದರು. ಸೆಡ್ರಿಕ್ ಪಂಜನ್ನು ಹೊರೇಸನ ಕೈಗಿಟ್ಟ.

"ಈ ಸಲ ನೀನೇ ಹಚ್ಬೇಕು."

ಊರಿನ ದೊಡ್ಡವರಿಗಷ್ಟೇ ಸಲ್ಲುತ್ತಿದ್ದ ಮರ್ಯಾದೆ. ಹೊರೇಸ್ ಮುಂದೆ ಹೋಗಿ ಹಚ್ಚಿದ.

ಬೆಂಕಿ ಮೇಲೇರಿದ ಮೇಲೆ ಗೊಂಬೆಯ ಬೆನ್ನಿಗಿದ್ದ ನೀಲಿ ದಿಂಬು ಕಾಣಿಸಿತು. ಎನಿಡ್ ಹೊಲಿದ ದಿಂಬು. ಅದರ ಹಿಂದೆ ಅವಳ ಕುರ್ಚಿ.

"ನಿಮ್ಮನೆ ಬೀಗದಕೈ ನನ್ ಹತ್ರಾನೇ ಇತ್ತಲ್ಲ," ಡೋರಿನ್ ಕಣ್ಣೊರೆಸಿಕೊಂಡಳು. "ಈಗ ಮನಸ್ಸು ಹಗುರಾಯ್ತಾ ಹೊರೇಸ್?"

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಆಯ್ತು," ಅಂದ. ಬೆಳಗಿನ ಸುಳ್ಳಿಗಿಂತ ಇದು ದೊಡ್ಡದು.

ಮುಂದಿನ ವಾರದ ಪದಬಂಧದಲ್ಲಿ ಒಂದೂ ಕುರ್ಚಿ ಇರಲಿಲ್ಲ. "ನೋಡಿದ್ಯಾ," ಎಂದು ಸೆಡ್ರಿಕ್ ಮಾಂಸ ಕಟ್ಟಿಕೊಡುತ್ತ ಡೋರಿನ್‌ಗೆ ಹೇಳಿದ, "ಪಾಪ, ಸುಧಾರಿಸಿಕೊಂಡ."