ಲೋಕಕ್ಕೆಲ್ಲ ಜೀರಿಗೆ ವಾಸನೆ ಹಚ್ಚಿದ ವೈರಾಣುವಿಗೆ

ನನ್ನ ಮೂಗಿನಲ್ಲಿ ಒಂಬತ್ತು ದಿನ ತಂಗಿದ್ದು, ಹೋಗುವಾಗ ಒಂದು ಮಾತೂ ಹೇಳದೆ ಹೊರಟ ಮಾನ್ಯ ವೈರಾಣು ಮಹೋದಯರ ಸನ್ನಿಧಾನಕ್ಕೆ ತಾಳಗುಪ್ಪದ ಬಾಲು ಮಾಡುವ ನಮಸ್ಕಾರಗಳು. ತಾವು ಈಗ ಯಾರ ಮೂಗಿನಲ್ಲಿದ್ದರೂ ಅಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ನಾನು ಕ್ಷೇಮವಾಗಿಲ್ಲ, ಆದ್ದರಿಂದ ಬರೆಯುತ್ತಿಲ್ಲ.

ಮಾನ್ಯರೇ, ತಾವು ಬಂದು ಇಳಿದದ್ದು ಎಂಥ ಮೂಗಿನಲ್ಲಿ ಎಂಬುದು ತಮಗೆ ತಿಳಿದಿರಲಾರದು. ನಾನು ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವನು. ಒಂದೇ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂರುವುದು ನನ್ನಿಂದಾಗಲಿಲ್ಲ, ಅದರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ. ನಾನು ಪಾಸಾದ ಪರೀಕ್ಷೆ ಒಂದೇ: ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನ ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಇದು ಜೀರಿಗೆ ಪರಿಮಳದ ಮಿಡಿಯೋ ಬರೀ ಹುಳಿ ಮಿಡಿಯೋ ಎಂದು ಹೇಳುವುದು. ಸಾಗರದಿಂದ ಹೊಸನಗರದವರೆಗೆ ಮಿಡಿ ಕೊಳ್ಳುವವರು "ಬಾಲು ಮೂಸಿದ್ನಾ?" ಎಂದು ವಿಚಾರಿಸಿಕೊಂಡೇ ಭರಣಿ ತೊಳೆಯುತ್ತಿದ್ದರು. ವರ್ಷದಲ್ಲಿ ನಾಲ್ಕೈದು ವಾರ ಮಾತ್ರ ಇರುವ ಮಿಡಿಯ ಕಾಲವನ್ನೇ ಆರಿಸಿಕೊಂಡು ತಾವು ದಯಮಾಡಿಸಿದಿರಿ. ತಮ್ಮ ಸಮಯಪ್ರಜ್ಞೆಯ ಮುಂದೆ ನಮ್ಮ ಕಡೆಯ ಬಸ್ಸುಗಳು ಏನೇನೂ ಅಲ್ಲ.

ಜ್ವರ ಇಳಿದ ಮರುದಿನ ನನಗೆ ಲೋಕದಲ್ಲಿ ಯಾವ ವಾಸನೆಯೂ ಇರಲಿಲ್ಲ. ಒಲೆಯ ಮೇಲೆ ಹಾಲು ಹೊತ್ತಿ ಕರಕಲಾಗುತ್ತಿದ್ದಾಗ ನಾನು ಪಕ್ಕದಲ್ಲೇ ಕೂತು ಮೊಬೈಲು ನೋಡುತ್ತಿದ್ದೆ. ನನ್ನ ಅಜ್ಜಿ ಕನ್ನಮ್ಮ ಹಿತ್ತಲಿನಿಂದ ಓಡಿ ಬಂದು, "ಮುಖದ ಮೇಲಿರೋದು ಮೂಗಾ, ಗೂಟಾನಾ?" ಎಂದು ಕೇಳಿದಳು. ಅದುವರೆಗೆ ಮೂಗು ಎಂದೇ ತಿಳಿದಿದ್ದೆ. ಸಾಗರದ ಡಾಕ್ಟರು, "ವೈರಸ್ ಹಾವಳಿ. ವಾಸನೆ ಬರ್ತದೆ, ವಾರಕ್ಕೂ ಬರಬಹುದು, ಆರು ತಿಂಗಳಿಗೂ ಬರಬಹುದು. ದಿನಾ ಲವಂಗ, ನಿಂಬೆಹಣ್ಣು ಮೂಸ್ತಾ ಇರು" ಎಂದು ಕಳಿಸಿದರು.

ನಾನು ಕಂಡಕಂಡವರಿಗೆಲ್ಲ ನಿಜ ಹೇಳಿದೆ: ಈ ವರ್ಷ ನನಗೆ ವಾಸನೆ ಬರುವುದಿಲ್ಲ, ನನ್ನನ್ನು ನಂಬಬೇಡಿ. ಮಾನ್ಯರೇ, ಒಬ್ಬರೂ ಒಪ್ಪಲಿಲ್ಲ. ಮಿಡಿ ಕೀಳುವವರಲ್ಲಿ ಒಳ್ಳೆಯ ಮರ ಸಿಕ್ಕಿದವನು ಊರಿಗೆ ಹೇಳುವ ಕ್ರಮವಿಲ್ಲ. ಹಾಗಾಗಿ ಬಾಲುವಿಗೆ ಎಲ್ಲೋ ಭಾರೀ ಮರ ಸಿಕ್ಕಿದೆ, ಅದಕ್ಕೇ ಈ ನಾಟಕ ಎಂದು ಮಾತಾಯಿತು. ಮೂಗು ಸರಿಯಾಯಿತೇ ಎಂದು ನೋಡಲು ನಾನು ವರದಾ ಹೊಳೆಯ ದಂಡೆಯ ಒಂದು ಮರ ಹತ್ತಿದೆ. ಅದು ಬರೀ ಹುಳಿಯೆಂದು ದನ ಕಾಯುವವರಿಗೂ ಗೊತ್ತಿರುವ ಮರ. ನನಗಿಂತ ಹತ್ತು ವರ್ಷ ಮೊದಲಿಂದ ಮಿಡಿ ಕೀಳುತ್ತಿರುವ ಧರ್ಮಪ್ಪ ನನ್ನ ಹಿಂದೆಯೇ ಬಂದಿದ್ದ. ನಾನು ಇಳಿದು ಹೋದಮೇಲೆ ಮರವನ್ನು ಬೋಳಿಸಿ, ಹೊಸನಗರದಲ್ಲಿ ಉಪ್ಪಿನಕಾಯಿ ಮಾಡಿಸಿ ಮಾರುವ ಮುಕುಂದಯ್ಯನವರಿಗೆ, "ಬಾಲು ಹತ್ತಿದ ಮರದ್ದು" ಎಂದು ಕೊಟ್ಟು ಬಂದ. ಸುಳ್ಳು ಹೇಳಿದ ಎನ್ನುವ ಹಾಗೂ ಇಲ್ಲ.

ಮುಕುಂದಯ್ಯನವರ ಮೂಗು ನಲವತ್ತು ವರ್ಷದ ನಶ್ಯಕ್ಕೆ ಸಂದುಹೋಗಿದೆ. ಆ ಮನೆಯಲ್ಲಿ ಮೂಗು ಎಂದರೆ ಅವರ ಹೆಂಡತಿ ವನಮಾಲಮ್ಮನದು, ಅವರೋ ಮಗಳ ಬಾಣಂತನಕ್ಕೆಂದು ತೀರ್ಥಹಳ್ಳಿಗೆ ಹೋಗಿದ್ದರು. ಸುದ್ದಿ ಕೇಳಿದವನೇ ಮಿಡಿ ಉಪ್ಪಿಗೆ ಬೀಳುವ ಮೊದಲು ತಡೆಯಬೇಕೆಂದು ಬಸ್ಸು ಹತ್ತಿದೆ.

ಅದೇ ಬಸ್ಸಿನಲ್ಲಿ ತಾವು ಕಸಿದುಕೊಂಡದ್ದನ್ನು ಮರಳಿ ಕೊಟ್ಟಿರಿ. ಆದರೆ ಎಂಥ ಔದಾರ್ಯ! ಡೀಸೆಲ್ ಹೊಗೆ ಜೀರಿಗೆ. ಕಂಡಕ್ಟರ್ ಕಂಕುಳು ಜೀರಿಗೆ. ಹೊಸನಗರದ ಬಸ್ ನಿಲ್ದಾಣದ ಮೂತ್ರಾಲಯದ ಮುಂದೆ ನಿಂತಾಗ ಯಾರೋ ಆಗಷ್ಟೇ ಸಾರಿಗೆ ಒಗ್ಗರಣೆ ಹಾಕಿದಂತಿತ್ತು. ಇಡೀ ತಾಲ್ಲೂಕನ್ನು ಒಂದೇ ಪರಿಮಳಕ್ಕೆ ತಂದು, ಮೇಲು ಕೀಳೆಂಬ ಭೇದವನ್ನೇ ಅಳಿಸಿದ ತಮ್ಮಂಥ ಸಮದರ್ಶಿಗಳು ಇನ್ನೊಬ್ಬರಿಲ್ಲ.

ಮುಕುಂದಯ್ಯನವರು ನನ್ನ ಅಹವಾಲು ಪೂರ್ತಿ ಕೇಳದೆ ಒಂದು ಮಿಡಿಯ ತೊಟ್ಟು ಮುರಿದು ನನ್ನ ಮೂಗಿಗೆ ಹಿಡಿದರು. "ಎಂತ ಮಾರಾಯ, ಕತೆ ಸಾಕು. ಮೂಸಿ ಹೇಳು."

ಬಂದ ವಾಸನೆಯನ್ನು ಬಂದಿಲ್ಲ ಎನ್ನುವುದು ಹೇಗೆ? "ಜೀರಿಗೆ ಅಯ್ಯಾ" ಎಂದೆ. "ಆದ್ರೆ ನಿಮ್ಮ ಟವೆಲ್ಲೂ ಜೀರಿಗೆ, ಅಲ್ಲಿ ಮಲಗಿರೋ ನಾಯಿನೂ ಜೀರಿಗೆ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ನಾಯೀನ ಆಮೇಲೆ ನೋಡನ, ಮಿಡಿ ಉಪ್ಪಿಗೆ ಹಾಕ್ರೋ" ಎಂದು ಆಳುಗಳಿಗೆ ಕೂಗಿದರು. ಹನ್ನೆರಡು ಭರಣಿ ತುಂಬಿದವು. ಒಂದೊಂದರ ಮೇಲೂ ಚೀಟಿ ಅಂಟಿಸಿದರು: 'ಜೀರಿಗೆ ಮಿಡಿ. ಬಾಲು ಮೂಸಿದ್ದು.'

ವನಮಾಲಮ್ಮ ಊರಿಗೆ ಮರಳಿ ಭರಣಿಯ ಬಾಯಿ ಬಿಚ್ಚಿದ ದಿನ, ನಾನು ಪಾಸಾದ ಒಂದೇ ಪರೀಕ್ಷೆಯೂ ಫೇಲಾಗುತ್ತದೆ. ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ: ಅಷ್ಟರೊಳಗೆ ನನ್ನ ಹಳೆಯ ಮೂಗನ್ನು ಇದ್ದ ಸ್ಥಿತಿಯಲ್ಲಿ ಹಿಂತಿರುಗಿಸಿ, ಹೋಗಿ ನಿಜ ಹೇಳಿದರೆ ನಂಬಿಯಾರು. ಅದಾಗದಿದ್ದರೆ ಆ ಹುಳಿ ಮರವನ್ನಾದರೂ ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಜೀರಿಗೆ ಮರವನ್ನಾಗಿಸಿ. ಅದೂ ಆಗದಿದ್ದರೆ ವನಮಾಲಮ್ಮನ ಮೂಗಿಗೊಮ್ಮೆ ಭೇಟಿ ಕೊಡಿ ಎಂದು ಬರೆದಿದ್ದೆ. ಬರೆದು ಹೊಡೆದುಹಾಕಿದ್ದೇನೆ. ಅವರಿರುವ ಮನೆಯಲ್ಲಿ ಹಸುಗೂಸಿದೆ, ಮೇಲಾಗಿ ಅದು ಮೋಸ. ಆ ಕೋರಿಕೆಯನ್ನು ದಯವಿಟ್ಟು ಓದಬೇಡಿ.

ತಮ್ಮ ವಿಶ್ವಾಸಿಯಾಗಲು ಇನ್ನೂ ಪ್ರಯತ್ನಿಸುತ್ತಿರುವ,
ಬಾಲು
ಒಂಬತ್ತನೇ ತರಗತಿ (ಅರ್ಧ)

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಮುಕುಂದಯ್ಯನವರ ಫೋನು ಬಂತು. ಕೂಸು ಆರೋಗ್ಯವಾಗಿದೆ. ವನಮಾಲಮ್ಮ ಊರಿಗೆ ಬಂದಿದ್ದಾರೆ, ಬಸ್ಸಿನಲ್ಲಿ ಹತ್ತಿದ ನೆಗಡಿಯ ಜೊತೆ. ಭರಣಿ ಬಿಚ್ಚಿ ಮೂಸಿದರಂತೆ, ಏನೂ ತಿಳಿಯಲಿಲ್ಲವಂತೆ. "ಬಾಲು ಹೇಳಿದಾನಲ್ಲ, ಜೀರಿಗೆನೇ ಇರ್ತು" ಎಂದು ಮುಚ್ಚಿಟ್ಟರಂತೆ, ಸೋಮವಾರ ಮಾರಾಟಕ್ಕೆ. ಹೊಡೆದುಹಾಕಿದ ಅರ್ಜಿಯನ್ನೇ ಹುಡುಕಿ ಮಂಜೂರು ಮಾಡುವ ಕಚೇರಿ ತಮ್ಮದೊಂದೇ. ನಾಳೆ ಮೊದಲ ಬಸ್ಸಿಗೆ ಅಜ್ಜಿಯನ್ನು ಕರೆದುಕೊಂಡು ಹೋಗಿ ಹನ್ನೆರಡು ಭರಣಿಯನ್ನೂ ಮೂಸಿಸುತ್ತೇನೆ, ಚೀಟಿಗಳನ್ನು ನಾನೇ ಕೀಳುತ್ತೇನೆ. ಅಜ್ಜಿ ಮೂಗಿಗೆ ಸೆರಗು ಕಟ್ಟಿಕೊಂಡೇ ಬಸ್ಸು ಹತ್ತುತ್ತಾಳೆ. ತಾವು ಅದೇ ಬಸ್ಸಿನಲ್ಲಿದ್ದರೆ, ದಯವಿಟ್ಟು ನನ್ನ ಪಕ್ಕದಲ್ಲೇ ಕೂರಿ. ಜಾಗ ತಮಗೆ ಗೊತ್ತೇ ಇದೆ.